ಗರಿಗೆ ಬದಲು ಗರಿ

ಮನೆಯ ಕಸಗಳಲ್ಲೆಲ್ಲ ಮಹಾ ಹಟಮಾರಿ ಎಂದರೆ ಹಕ್ಕಿಯ ಗರಿ. ಪೊರಕೆ ಸಮೀಪಿಸಿದಷ್ಟೂ ಅದು, ಪಾಠ ಒಪ್ಪಿಸಬೇಕಾದ ಹುಡುಗನಂತೆ, ಗೇಣು ದೂರ ಸರಿದು ಕೂರುತ್ತದೆ. ಧಾರವಾಡದಲ್ಲಿ ಮೂವತ್ತು ವರ್ಷ ಗಂಟೆಯ ಲೆಕ್ಕಕ್ಕೆ ಶಾಲೆ ನಡೆಸಿ, ಗರಿಗರಿ ಇಸ್ತ್ರಿಯ ಅಂಗಿಯಿಲ್ಲದೆ ಹೊಸ್ತಿಲು ದಾಟದ ನಾನು, ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಮೂರನೆಯ ಮಹಡಿಯಲ್ಲಿ ದಿನಕ್ಕೆ ನಾಲ್ಕು ಸಲ ಬಗ್ಗಿ ಅದನ್ನು ಹಿಂಬಾಲಿಸಿದ್ದೇನೆ. ಸೊಂಟ ಸೋತಿದೆ, ಗರಿ ಸೋತಿಲ್ಲ.

ಗರಿ ಚಿನ್ನಿಯದು. ಚಿನ್ನಿ ನನ್ನ ಮಗಳು ಸಾಕಿದ ಕಾಕಟೀಲ್, ಜುಟ್ಟಿನ ಬೂದು ಹಕ್ಕಿ. ಬ್ಯಾಂಕಿನವರು ಮಗಳನ್ನು ವಿಜಯವಾಡಕ್ಕೆ ವರ್ಗ ಮಾಡಿದರು. ಅಲ್ಲಿ ಮನೆ ಸಿಗುವವರೆಗೆ ನಾನೂ ಹಕ್ಕಿಯೂ ಇಲ್ಲೇ. ಅವಳು ಹೋದ ವಾರದಲ್ಲೇ ಚಿನ್ನಿ ತನ್ನ ಎದೆಯ ಗರಿಗಳನ್ನು ತಾನೇ ಕೀಳತೊಡಗಿತು. ನಾನು ಕೂಡಲೇ ವೇಳಾಪಟ್ಟಿ ಬರೆದೆ: ಆರೂವರೆಗೆ ನೀರು ಚಿಮುಕಿಸುವುದು, ಏಳಕ್ಕೆ ಕಾಳು, ಏಳೂಕಾಲಿಗೆ ಎದೆಯ ತಪಾಸಣೆ. ನಾನು ಕೈ ಚಾಚಿದಾಗಲೆಲ್ಲ ಅದು ಇನ್ನೊಂದು ಗರಿ ಕಿತ್ತು ಹಾಜರಿ ಹಾಕಿತು.

ಪಶುವೈದ್ಯರ ಬಳಿಗೆ ಒಯ್ದೆ. ಹೇನಿಲ್ಲ, ಚರ್ಮರೋಗವಿಲ್ಲ, ಜೊತೆಯವರು ದೂರಾದ ಕೊರಗಿರಬಹುದು ಎಂದು ಇಂಗ್ಲಿಷಿನಲ್ಲಿ ಹೇಳಿದವರು ಕೊನೆಯ ಮಾತನ್ನು ವಿಶ್ವಾಸದಿಂದ ತೆಲುಗಿನಲ್ಲಿ ಆಡಿದರು: "ತೊಂದರ ಪಡಕಂಡಿ ಮಾಸ್ಟಾರೂ, ದಾನ್ನೀ ತೊಂದರ ಪೆಟ್ಟಕಂಡಿ."

ಇಷ್ಟು ತೆಲುಗು ತಿಳಿಯದೆ ಏನು? ತೊಂದರೆ ಪಡಬೇಡಿ, ಅದಕ್ಕೂ ತೊಂದರೆ ಕೊಡಬೇಡಿ. ಆಜ್ಞಾಧಾರಕನಾದ ನಾನು ಪಂಜರವನ್ನು ಹಿಂದಿನ ಕೋಣೆಗೆ ಸಾಗಿಸಿ, ಕಾಳು-ನೀರು ಇಟ್ಟು ಬೆಕ್ಕಿನ ಹೆಜ್ಜೆಯಲ್ಲಿ ಹೊರಬರುತ್ತ, ಹತ್ತು ದಿನ ಅದರ ಏಕಾಂತವನ್ನು ಶ್ರದ್ಧೆಯಿಂದ ಕಾಪಾಡಿದೆ. ಹನ್ನೊಂದನೆಯ ಬೆಳಿಗ್ಗೆ ಬೋಳಾದ ಎದೆಯ ಮೇಲೆ ರಕ್ತದ ಚುಕ್ಕೆ ಕಂಡಿತು.

ಹೆದರಿ ಮಗಳಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ.

"ತೊಂದರ ಅಂದ್ರ ತೆಲುಗಿನ್ಯಾಗ ಅವಸರ, ಅಪ್ಪಾ. ತ್ರಾಸ ಅಲ್ಲ," ಎಂದಳು. "ಅವಸರ ಮಾಡಬ್ಯಾಡ್ರಿ ಅಂದ್ರ ಅದನ್ನ ಒಬ್ಬಂಟಿ ಮಾಡಿ ಕೂಡಿಸೀರಲ್ಲ. ಭಾಷಾ ಕಲಿಸೋ ಮಾಸ್ತರಂತ ನೀವು."

ಅವಸರ ಬೇರೆ, ತೊಂದರೆ ಬೇರೆ ಎಂದು ನಂಬಿ ಬಾಳಿದವನಿಗೆ ಎರಡಕ್ಕೂ ಒಂದೇ ಪದ ಸಾಕೆಂದು ಎರಡು ಭಾಷೆಗಳು ಸೇರಿ ಕಲಿಸಿದವು. ನನ್ನ ಶಾಲೆಯ ಮಕ್ಕಳಿಗೆ ಇದು ಆಗಲೇ ಗೊತ್ತಿದ್ದಿರಬೇಕು, ಓದುಗರೇ. ಹೇಳಲು ನಾನು ಬಿಡುವು ಕೊಟ್ಟಿರಲಿಲ್ಲ.

ವೈದ್ಯರು ಗಾಯಕ್ಕೆ ಔಷಧಿ ಕೊಟ್ಟು, ಹಕ್ಕಿಗೆ ಸೀಳಲು ತೆಂಗಿನ ಗರಿ ಕಟ್ಟಿ ಪಕ್ಕದಲ್ಲಿ ಕೂತಿರಿ ಎಂದರು. ಗರಿಗೆ ಬದಲು ಗರಿ. ಈಗ ಪಂಜರ ನಡುಮನೆಯಲ್ಲಿದೆ, ಪಕ್ಕದ ಕುರ್ಚಿಯಲ್ಲಿ ನಾನು. ಸುಮ್ಮನೆ ಕೂರುವುದು ಇಷ್ಟು ದಣಿಸುವ ಕೆಲಸವೆಂದು ನನಗೆ ತಿಳಿದಿರಲಿಲ್ಲ. ಕೆಲವು ದಿನ ಅದು ತೆಂಗನ್ನು ಸೀಳುತ್ತದೆ, ಕೆಲವು ದಿನ ತನ್ನನ್ನೇ.

ಮೊನ್ನೆ ಅದರ ಎದೆಯ ಮೇಲೆ ಸೂಜಿಮೊನೆಯಂಥ ಎರಡು ಚಿಗುರು ಗರಿ ಮೂಡಿದವು. ಇಂದು ಸಂಜೆ ಮಗಳು ಫೋನಿನಲ್ಲಿ ಕೇಳಿದಳು, "ಎಷ್ಟು ಬಂದಾವ?"

"ಎರಡು."

"ನಿನ್ನೀನೂ ಎರಡ ಇದ್ವಲ್ಲ?"

"ಅವ ಎರಡು," ಎಂದೆ. "ಕಿತ್ತಿಲ್ಲ, ಇನ್ನೂ ಅದಾವ."