ಬಿಗಿದವನೇ ನೋಡುವಂತಿಲ್ಲ

ಅರಸೀಕೆರೆ ಮೇಲೆ ಹೆಲಿಕಾಪ್ಟರ್ ಹಾದುಹೋದರೆ ನಮ್ಮ ಬೀದಿಯವರಿಗೆ ನನ್ನ ನೆನಪಾಗುತ್ತದೆ. ಮೇಲೆ ಹೋಗುತ್ತಿರುವುದು ಚುನಾವಣೆಗೆ ಬಂದ ಯಾರೋ ದೊಡ್ಡವರ ಬಾಡಿಗೆ ಗಾಡಿ. ಆದರೂ ಎದುರುಮನೆಯ ಕೊಬ್ಬರಿ ವ್ಯಾಪಾರಿ ಜಗಲಿಗೆ ಬಂದು, “ನಿಮ್ಮ ಗಾಡಿ ಹೋಯ್ತಾ ಐತೆ ನೋಡಿ ಸಾರ್” ಎನ್ನುತ್ತಾನೆ. ನಾನು ಅದನ್ನು ಹಾರಿಸಿದವನಲ್ಲ, ನಟ್ಟು ಬಿಗಿದವನು ಎಂದು ಮೊದಲ ಸಲ ಹೇಳಿದಾಗ ಪಾಪ, ಅವನ ಮುಖ ಬಾಡಿಹೋಗಿತ್ತು. ಮಾರನೇ ದಿನವೇ ಕೆಟ್ಟ ಮಿಕ್ಸಿ ಹಿಡಿದುಕೊಂಡು ಬಂದ. ರಿಪೇರಿ ಮಾಡಿಕೊಟ್ಟೆ. ಆಗಲ್ಲ ಎಂದು ಹೇಳುವುದಕ್ಕೂ ಈಗ ಶಕ್ತಿ ಬೇಕು.

ನಾವು ನೋಡಿಕೊಳ್ಳುತ್ತಿದ್ದದ್ದು ಸೇನೆಯ ಸಾಮಾನು ಸಾಗಿಸುವ ಹೆಲಿಕಾಪ್ಟರ್‌ಗಳನ್ನು. ರಸ್ತೆಯೇ ಇಲ್ಲದ ಹಿಮದ ಬೆಟ್ಟಗಳ ಠಾಣೆಗಳಿಗೆ ಅಕ್ಕಿ, ಈರುಳ್ಳಿ, ಸೀಮೆಎಣ್ಣೆ, ಟಪಾಲು, ಕೆಲವು ಸಲ ಜೀವಂತ ಕುರಿ, ಎಲ್ಲ ಅದರಲ್ಲೇ ಹೋಗಬೇಕು. ವಾಪಸು ಬರುವಾಗ ಕಾಲು ಮರಗಟ್ಟಿದವರು, ಜ್ವರದವರು, ರಜೆ ಸಿಕ್ಕಿ ಹಿಗ್ಗಿದವರು. ಹತ್ತುವವರು ಪೈಲಟ್ಟಿನ ಮುಖ ನೋಡುತ್ತಿದ್ದರು. ಎಣ್ಣೆ ಮೆತ್ತಿದ ಬಟ್ಟೆಯಲ್ಲಿ ಪಕ್ಕಕ್ಕೆ ಸರಿದು ನಿಂತ ನಮ್ಮನ್ನು ಯಾರು ನೋಡುತ್ತಾರೆ? ಆ ಯಂತ್ರ ಸದಾ ನಡುಗುತ್ತಿರುತ್ತದೆ. ನಡುಗಿ ನಡುಗಿ ತನ್ನ ನಟ್ಟುಗಳನ್ನು ತಾನೇ ಸಡಿಲ ಮಾಡಿಕೊಳ್ಳುತ್ತದೆ. ಅದಕ್ಕೇ ಮುಖ್ಯವಾದ ನಟ್ಟುಗಳಿಗೆಲ್ಲ ಒಂದು ಪಿನ್ನು ತೂರಿಸಿರಬೇಕು, ಇಲ್ಲವೇ ತಂತಿ ಸುತ್ತಿರಬೇಕು. ಆ ಚಳಿಯಲ್ಲಿ ಕೈಗವಸು ಹಾಕಿಕೊಂಡರೆ ಪಿನ್ನು ಕೈಗೆ ಸಿಗದು, ತೆಗೆದರೆ ಬೆರಳು ಲೋಹಕ್ಕೆ ಅಂಟಿಕೊಳ್ಳುತ್ತದೆ.

ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಬಿಗಿದವನೇ ತನ್ನ ಕೆಲಸವನ್ನು ನೋಡಿ ಸರಿ ಅನ್ನುವಂತಿಲ್ಲ. ಇನ್ನೊಬ್ಬ ಬಂದು ನೋಡಬೇಕು. ಅವನು ನೋಡುವಾಗ ಬಿಗಿದವನು ಹತ್ತಿರ ನಿಂತು, ಇಲ್ಲಿ ನೋಡು, ಅಲ್ಲಿ ನೋಡು ಎಂದು ಬೆರಳು ತೋರಿಸಬಾರದು. ದೂರ ಹೋಗಿ ಬೆನ್ನು ತಿರುಗಿಸಿ ನಿಲ್ಲಬೇಕು. ನನ್ನ ಕೆಲಸ ನೋಡುತ್ತಿದ್ದವನು ಬಾಣಾವರದವನು. ಅಷ್ಟು ದೂರದಲ್ಲಿ ಒಂದೇ ತಾಲ್ಲೂಕಿನವರು ಸಿಕ್ಕೆವಲ್ಲ ಎಂದು ಮೊದಲ ದಿನ ಇಬ್ಬರೂ ತಬ್ಬಿಕೊಂಡಿದ್ದೆವು. ಆಮೇಲೆ ತಬ್ಬಿಕೊಂಡದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚು. ನನ್ನ ಕೆಲಸದಲ್ಲಿ ಅವನು ಕೂದಲೆಳೆಯಷ್ಟು ತಪ್ಪು ಹಿಡಿದರೂ ನನಗೆ ಉರಿದುಹೋಗುತ್ತಿತ್ತು. ಹಾಗಿದ್ದರೂ ಅವನು ನೋಡಿ ಸರಿ ಅಂದ ದಿನ ನಾನು ನಿದ್ದೆ ಮಾಡುತ್ತಿದ್ದೆ. ಬೇರೆ ಯಾರಾದರೂ ನೋಡಿದ ದಿನ ಹಾಸಿಗೆಯಲ್ಲಿ ಹೊರಳಾಡುತ್ತಿದ್ದೆ.

ಇಬ್ಬರೂ ನಿವೃತ್ತರಾಗಿ ಊರು ಸೇರಿ ಬಹಳ ಕಾಲವಾಯಿತು. ಹೋದ ವರ್ಷದಿಂದ ಅವನಿಗೆ ಮರೆವು. ಒಲೆ ಮೇಲೆ ಹಾಲಿಟ್ಟದ್ದನ್ನು ಮರೆಯುವುದು ಹಾಗಿರಲಿ, ಊಟ ಮಾಡಿದ್ದನ್ನೇ ಮರೆತು ಮತ್ತೆ ತಟ್ಟೆ ಮುಂದೆ ಕೂರುತ್ತಾನೆ. ಹಾಸನದ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಮಾತ್ರೆ ನುಂಗುವುದನ್ನೂ ಹೆಂಡತಿಯೇ ನೆನಪಿಸಬೇಕು.

ಈಚೆಗೆ ಒಂದು ದಿನ ಅವನ ಹೆಂಡತಿ ಫೋನ್ ಮಾಡಿದರು. “ಅಣ್ಣಾ, ಮತ್ತೆ ಕಾರಿನ ಅಡಿಗೆ ನುಗ್ಗವ್ರೆ. ಭಾನುವಾರ ಹಗರೆಲಿ ನಮ್ಮ ತಮ್ಮನ ಮನೆ ಗೃಹಪ್ರವೇಶ. ಅದೇ ಗಾಡೀಲಿ ಹೋಗ್ಬೇಕಂತೆ. ಗಾಡಿ ಬಿಚ್ಚೋದು ಬಿಟ್ಬಿಡಿ ಅಂತ ನೀವೇ ಹೇಳಿ. ನಾನು ಹೇಳಿದ್ರೆ ಮೈಮೇಲೆ ಬತ್ತಾರೆ.”

ಹೂಂ ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ನನ್ನ ಮೇಲೇ ಸಿಟ್ಟು ಬಂತು. ಜೀವಮಾನವೆಲ್ಲ ನಟ್ಟು ಬಿಗಿದವನಿಗೆ, ಇನ್ನು ಸ್ಪ್ಯಾನರ್ ಮುಟ್ಟಬೇಡ ಎಂದು ಯಾವ ಬಾಯಲ್ಲಿ ಹೇಳುವುದು? ಅದೂ ನಾನು?

ಭಾನುವಾರ ಬೆಳಿಗ್ಗೆ ರೈಲು ಹತ್ತಿ ಬಾಣಾವರದಲ್ಲಿ ಇಳಿದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಅವನ ಮನೆ ಅಂಗಳದಲ್ಲಿ ಹಳೇ ಕಾರಿನ ಮುಂಭಾಗ ಎತ್ತಿ ಕಲ್ಲಿನ ಮೇಲೆ ನಿಲ್ಲಿಸಿತ್ತು. ಅವನು ಕೈ ಒರೆಸಿಕೊಳ್ಳುತ್ತಾ ಎದ್ದು ಬಂದ. ಮುಖದಲ್ಲಿ ಎಂಥಾ ಸಂತೋಷ!

“ಬಂದೇನ್ಲಾ? ಸ್ಟೇರಿಂಗ್ ಕೆಲಸ ಮುಗೀತು. ನೋಡೋಕೆ ನಿನ್ನೇ ಕಾಯ್ತಿದ್ದೆ” ಎಂದು ಟಾರ್ಚ್ ಕೊಟ್ಟು, ತೆಂಗಿನ ಮರದ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತ. ಅವನಿಗೆ ಏನು ಮರೆತರೂ ಇದು ಮರೆತಿರಲಿಲ್ಲ.

ಕಷ್ಟಪಟ್ಟು ಕಾರಿನ ಕೆಳಗೆ ತೂರಿ ಮಲಗಿದೆ. ಎಡಗಡೆ ಚಕ್ರವನ್ನು ಸ್ಟೇರಿಂಗಿಗೆ ಸೇರಿಸುವ ಸರಳಿನ ತುದಿಯಲ್ಲಿ ಹೊಸ ರಬ್ಬರು, ಹೊಸ ಗ್ರೀಸು. ನಟ್ಟು ಮಾತ್ರ ಬೆರಳಿಗೇ ತಿರುಗಿತು. ಪಿನ್ನೂ ಇರಲಿಲ್ಲ. ಒಂದೆರಡು ಮೈಲಿ ಓಡಿದ್ದರೆ ಸರಳು ಕಳಚಿಕೊಂಡು ಚಕ್ರ ತನಗೆ ತೋಚಿದ ಕಡೆ ತಿರುಗುತ್ತಿತ್ತು.

ಅವನನ್ನು ಕರೆದು, “ಪಿನ್ ಹಾಕಿಲ್ಲ ಕಣ್ಲಾ” ಅಂದೆ.

“ಹಾಕಿದೀನಿ.”

“ಇಲ್ಲ. ನಟ್ಟೂ ಬಿಗಿದಿಲ್ಲ.”

ಅವನು ಜಗಳಕ್ಕೆ ಬಾಯಿ ತೆರೆದವನು ಯಾಕೋ ಜೇಬು ತಡವಿಕೊಂಡ. ಹೊಸ ಪಿನ್ನು ಜೇಬಿನಲ್ಲಿತ್ತು. ಮರೆಯಬಾರದು ಎಂದೇ ಅಲ್ಲಿಟ್ಟುಕೊಂಡಿದ್ದನಂತೆ. “ಇವಳು ತಿಂಡಿಗೆ ಕರೆದ್ಲು ನೋಡು, ಅದಕ್ಕೇ” ಎಂದು ಹೆಂಡತಿಯ ಮೇಲೆ ಹಾಕಿದ. ಬಾಗಿಲಲ್ಲಿ ನಿಂತಿದ್ದ ಆಕೆ ನನ್ನ ಮುಖ ನೋಡಿದರು. ಈಗ ಹೇಳಿ ಎಂಬಂತಿತ್ತು ಆ ನೋಟ. ನಾನು ಸ್ಪ್ಯಾನರ್ ಕೈಗೆತ್ತಿಕೊಂಡೆ.

ನಟ್ಟು ನಾನೇ ಬಿಗಿದೆ. ಪಿನ್ನು ತೂರಿಸಿ ತುದಿ ಮಡಿಸಿದೆ. ಆದರೆ ನನ್ನ ಎಡಗಣ್ಣಿಗೆ ಪೊರೆ ಬಂದಿದೆ. ಕಣ್ಣು ಚೆನ್ನಾಗಿದ್ದ ಕಾಲದಲ್ಲೂ ನನ್ನ ಕೆಲಸವನ್ನು ನಾನೊಬ್ಬನೇ ನಂಬಿದವನಲ್ಲ. ಅವನು ಆಗಲೇ ಟಾರ್ಚಿಗೆ ಕೈ ಚಾಚಿದ್ದ. “ಸರಿ, ನೀನು ಆ ಕಡೆ ಹೋಗು. ನಾನು ನೋಡ್ತೀನಿ.”

ಕೊಡದೆ ಇರಲಾಗಲಿಲ್ಲ. ತೆಂಗಿನ ಮರದ ಹತ್ತಿರ ಹೋಗಿ ನಿಂತೆ. ಅವನು ಬಹಳ ಹೊತ್ತು ನೋಡಿದ. ಮೊದಲೆಲ್ಲ ಅಷ್ಟು ಹೊತ್ತು ನೋಡಿದರೆ ನನಗೆ ರೇಗುತ್ತಿತ್ತು. ಅವತ್ತು ಇನ್ನೂ ನೋಡಲಿ ಅನ್ನಿಸಿತು. “ಸರಿಯಾಗೈತೆ!” ಎಂದು ಕೂಗಿದಾಗ ತಿರುಗಿದೆ. ಅವನು ಬಲಗಡೆ ಚಕ್ರದ ಹತ್ತಿರದಿಂದ ಎದ್ದು ಬರುತ್ತಿದ್ದ.

ಎರಡೂ ಚಕ್ರ ಹಿಡಿದು ಅಲ್ಲಾಡಿಸಿದೆ. ಗಟ್ಟಿಯಾಗಿದ್ದವು. ಕಲ್ಲು ತೆಗೆದು ಕಾರು ಇಳಿಸಿ ಹೊರಟೆವು. ಓಡಿಸಿದವನು ನಾನೇ. ಅವನು ಪಕ್ಕದಲ್ಲಿ, ಆಕೆ ಹಿಂದೆ. ನೆಟ್ಟಗೆ ಬಿಗಿದಿದ್ದೇನೆ ಎಂದು ಗೊತ್ತಿದ್ದರೂ ಒಂದೊಂದು ತಿರುವಿನಲ್ಲೂ ಜೀವ ಬಾಯಿಗೆ ಬರುತ್ತಿತ್ತು. ಜಾವಗಲ್ಲಿನಲ್ಲಿ ಒಂದು ಗ್ಯಾರೇಜು ಕಂಡಿತು. ಷಟರ್ ಎಳೆದಿತ್ತು. ಎತ್ತಿನಗಾಡಿಗಿಂತ ಸ್ವಲ್ಪ ಜೋರಾಗಿ ಹೋಗುತ್ತಿದ್ದ ನನ್ನನ್ನು ಹಿಂದಿನಿಂದ ಬಂದ ಬೈಕಿನವರೆಲ್ಲ ಬೈದುಕೊಂಡು ಮುಂದೆ ಹೋದರು.

ಹಳೇಬೀಡು ಬಂತು. ದೇವಸ್ಥಾನದ ಮುಂದೆ ಟೂರಿಸ್ಟ್ ಬಸ್ಸುಗಳು ನಿಂತಿದ್ದವು. ಆಕೆ ಹೂವು, ಹಣ್ಣು ತರುತ್ತೇನೆಂದು ಇಳಿದು ಹೋದರು. ಬೇಲೂರಿನ ರಸ್ತೆ ತಿರುಗುವ ಕಡೆ ಒಂದು ಗ್ಯಾರೇಜು ತೆರೆದಿತ್ತು. “ಗಾಳಿ ಕಮ್ಮಿ ಇದ್ದಂಗೈತೆ” ಎಂದು ಕಾರನ್ನು ಅಲ್ಲಿಗೆ ತಿರುಗಿಸಿದೆ. ಇಳಿದು ಹೋಗಿ ಗ್ಯಾರೇಜಿನವನ ಕಿವಿಯಲ್ಲಿ, ಎಡಗಡೆ ನಟ್ಟು ನೋಡಿಬಿಡಪ್ಪ ಅಂದೆ. ಅವನು ಜಾಕು ತಂದ. ಗಾಳಿ ತುಂಬುವುದಕ್ಕೆ ಜಾಕು ಯಾತಕ್ಕೆ? ಅಷ್ಟು ತಿಳಿಯದ ಮೆಕ್ಯಾನಿಕ್ಕೇ ನನ್ನ ಗೆಳೆಯ? ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಗೆಳೆಯ ಬಾಗಿಲು ತೆಗೆದು ಇಳಿದ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ನನ್ನ ತೋಳು ಹಿಡಿದು ರಸ್ತೆ ಬದಿಗೆ ಕರೆದುಕೊಂಡು ಹೋದ. “ನೋಡೋನು ನೋಡ್ಲಿ, ಬಾ” ಅಂದ. ಇಬ್ಬರೂ ಗ್ಯಾರೇಜಿಗೆ ಬೆನ್ನು ಮಾಡಿ ನಿಂತೆವು.

ಅವನು ಕೇಳಿದ. “ಬೆಳಿಗ್ಗೆ ನಾನು ಯಾವ ಚಕ್ರ ನೋಡ್ದೆ?”

ಸುಳ್ಳು ಹೇಳಬಹುದಿತ್ತು. “ಬಲಗಡೇದು” ಅಂದೆ.

“ನೀನು ಬಿಗಿದಿದ್ದು?”

“ಎಡಗಡೇದು.”

ಗ್ಯಾರೇಜಿನವನು ಹಿಂದಿನಿಂದ, “ಎಲ್ಲಾ ಸರಿಯಾಗೈತೆ ಸಾರ್” ಎಂದು ಕೂಗಿದ. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಪಕ್ಕದಲ್ಲಿ ನಿಂತವನು ನನ್ನ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

“ಇನ್ಮೇಲೆ ಗಾಡಿ ಕೆಲಸ ಇಂಥೋರಿಗೇ ಬಿಡೋಣ ಕಣ್ಲಾ” ಅಂದ. “ನಾನು ಮುಟ್ಟಲ್ಲ. ನಮ್ಮೋಳಿಗೆ ನೀನೇ ಹೇಳ್ಬಿಡು. ನನ್ನ ಕೈಲಿ ಹೇಳಕ್ಕಾಗಲ್ಲ.”

ನಾನು ಅರಸೀಕೆರೆಯಿಂದ ಹೊತ್ತು ತಂದ ಮಾತನ್ನು ಅವನೇ ಆಡಿದ್ದ. ಆಕೆ ಹೂವು, ಬಾಳೆಹಣ್ಣು ಹಿಡಿದುಕೊಂಡು ಬಂದರು. ಅವನು ಹೋಗಿ ಕಾರಿನಲ್ಲಿ ಕುಳಿತ ಮೇಲೆ ಅವರಿಗೆ ಹೇಳಿದೆ. ಅವರು ನನ್ನನ್ನು ಬೇಡಿಕೊಂಡದ್ದೇ ಇದಕ್ಕೆ. ಆದರೂ ಕೇಳಿದ ಕೂಡಲೇ ಸೆರಗು ಬಾಯಿಗೆ ಒತ್ತಿಕೊಂಡು, “ಅಯ್ಯೋ, ಒಪ್ಪಿಕೊಂಡೇಬಿಟ್ರಾ?” ಎಂದು ರಸ್ತೆಯಲ್ಲೇ ಅತ್ತುಬಿಟ್ಟರು.