ಕಠ್ಮಂಡುವಿನಲ್ಲಿ ಚಪ್ಪಲಿ ಕಾದವಳು

ಗುಂಡ್ಲುಪೇಟೆಯ ನಮ್ಮ ಮನೆಗೆ ನೆಂಟರು ಬಂದು ಕಾಫಿ ಲೋಟ ಕೈಗೆತ್ತಿಕೊಂಡರೆ ಸಾಕು, ಅಪ್ಪ ಕಠ್ಮಂಡುವಿನ ಕಥೆ ತೆಗೆಯುತ್ತಾರೆ. "ಒಂದೇ ದಿನಕ್ಕೆ ನಾಕು ಜಾಗ ನೋಡ್ಬುಟ್ಟೋ ಕಣಪ್ಪ, ಮನೆಮಂದಿಯೆಲ್ಲ" ಎನ್ನುತ್ತಾರೆ. ಆ 'ಮನೆಮಂದಿಯೆಲ್ಲ' ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹೋಗಿದ್ದವರು ಐದು ಜನ: ಅಪ್ಪ, ಅವ್ವ, ಅಪ್ಪನ ತಂಗಿಯಾದ ನನ್ನ ಅತ್ತೆ, ತಮ್ಮ ಮತ್ತು ನಾನು. ನೋಡಿದವರು ನಾಲ್ವರು. ಅವ್ವ ಆ ಊರಿನಲ್ಲಿ ನೋಡಿದ್ದು ನಮ್ಮ ಚಪ್ಪಲಿಗಳನ್ನು.

ಎರಡು ಸಾವಿರದ ಏಳೋ ಎಂಟೋ ಇರಬೇಕು. ನನಗೆ ಸಂತೆಮರಹಳ್ಳಿಯ ಶಾಲೆಯಲ್ಲಿ ಆಗತಾನೆ ಟೀಚರ್ ಕೆಲಸ ಸಿಕ್ಕಿತ್ತು. ಅಪ್ಪನೂ ಮೇಷ್ಟ್ರು. ಬೇಸಿಗೆ ರಜೆಯಲ್ಲಿ ಚಾಮರಾಜನಗರದಿಂದ ಯಾತ್ರೆಯ ಬಸ್ಸು ಹೊರಡುತ್ತದೆ, ಅಡುಗೆಯವರೂ ಜೊತೆಗೇ ಬರುತ್ತಾರೆ, ಕಾಶಿ ಮುಗಿಸಿ ನೇಪಾಳಕ್ಕೂ ಹೋಗುತ್ತದೆ ಎಂದು ಗೊತ್ತಾದದ್ದೇ ಅಪ್ಪ ಹೆಸರು ಬರೆಸಿಬಂದರು. ಪಾಸ್‌ಪೋರ್ಟ್ ಬೇಡ, ವೋಟರ್ ಕಾರ್ಡ್ ಸಾಕು. ಆದರೂ ಅಪ್ಪನ ಬಾಯಲ್ಲಿ ಅದು ಫಾರಿನ್.

ಯಾತ್ರೆಯವರು ಕೊಟ್ಟ ಬಣ್ಣದ ಪಾಂಪ್ಲೆಟ್ಟಿನಲ್ಲಿ ಒಂದು ಫೋಟೋ ಇತ್ತು. ಕೊಳದ ನೀರಿನಲ್ಲಿ, ಹಾವಿನ ಸುರುಳಿಯ ಮೇಲೆ ಅಂಗಾತ ಮಲಗಿದ ಕರಿಕಲ್ಲಿನ ನಾರಾಯಣ. ಅವ್ವನಿಗೆ ಓದಲು ಬರುವುದಿಲ್ಲ. ಫೋಟೋದ ಕೆಳಗಿನ ಸಾಲನ್ನು ನನ್ನಿಂದ ಮೂರು ಸಲ ಓದಿಸಿದಳು.

"ನೀರೊಳ್ಗೇ ಮಲ್ಗವ್ನಾ? ಹತ್ರಕ್ಕೋಗಿ ಪಾದ ಮುಟ್ಬೋದಾ?"

"ಮುಟ್ಬೋದಂತೆ ಕಣವ್ವ."

ಹೊರಡುವ ದಿನ ಬೆಳಿಗ್ಗೆ ಅವ್ವ ನಮ್ಮ ಮನೆಯ ತುಳಸಿ ಕಿತ್ತು ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡಳು. ಕಾಶಿ ವಿಶ್ವನಾಥನನ್ನು ಅವಳು ಏನೂ ಕೇಳಲಿಲ್ಲ, ಅವನಿಗೆಂದು ಏನೂ ಕಟ್ಟಿಕೊಳ್ಳಲಿಲ್ಲ. ಇಡೀ ಯಾತ್ರೆಯಲ್ಲಿ ಅವಳಿಗೆ ಬೇಕಾಗಿದ್ದದ್ದು ಅದೊಂದೇ, ತನ್ನ ಕೈಯಾರೆ ಆ ಪಾದದ ಮೇಲೆ ತುಳಸಿ ಹಾಕುವುದು.

ಕಾಶಿಯಲ್ಲಿ ಅಪ್ಪನ ಹೊಸ ಚಪ್ಪಲಿ ಹೋಯಿತು. ದೇವಸ್ಥಾನದಿಂದ ಹೊರಗೆ ಬಂದರೆ ಇಲ್ಲ. ಬರಿಗಾಲಿನಲ್ಲಿ ಬಿಸಿಲಿಗೆ ಕುಣಿಯುತ್ತ ಬಸ್ಸಿಗೆ ಬಂದ ಅಪ್ಪ ಕಾಶಿಗೆ ಬಯ್ದರು, ಬಸ್ಸಿನ ಮ್ಯಾನೇಜರಿಗೆ ಬಯ್ದರು, ಕೊನೆಗೆ ಸುಮ್ಮನೆ ಕೂತಿದ್ದ ಅವ್ವನಿಗೂ ಬಯ್ದರು. ಬೇರೆ ಜೊತೆ ಕೊಂಡ ಮೇಲೆ, ಅವತ್ತೇ ಮನೆಗೊಂದು ಕಾನೂನಾಯಿತು. ಇನ್ನು ಮೇಲೆ ಒಬ್ಬರು ಚಪ್ಪಲಿ ಹತ್ತಿರ ಇರಬೇಕು. ಯಾರು ಎಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೇ ಬರಲಿಲ್ಲ ನೋಡಿ, ಅದೇ ನನಗೆ ಇವತ್ತಿಗೂ ಸಿಟ್ಟು.

ಗಡಿಯಲ್ಲಿ ಪೊಲೀಸಿನವನು ಅವ್ವನ ವೋಟರ್ ಕಾರ್ಡನ್ನೂ ಮುಖವನ್ನೂ ಎರಡೆರಡು ಸಲ ನೋಡಿದ. ಅವ್ವ ಸೆರಗು ಸರಿಮಾಡಿಕೊಂಡು, "ನಾನೇ ಕಣಪ್ಪ ಅದು" ಅಂದಳು. ಅವನಿಗೇನು ಅರ್ಥವಾಯಿತೋ, ನಕ್ಕು ಬಿಟ್ಟ. ಅವ್ವ ಕಾರ್ಡನ್ನು ತುಳಸಿಯ ಗಂಟಿನ ಜೊತೆಗೇ ಇಟ್ಟುಕೊಂಡಳು.

ಕಠ್ಮಂಡುವಿಗೆ ಸಿಕ್ಕಿದ್ದು ಒಂದು ದಿನ. ಬೆಳಿಗ್ಗೆ ಪಶುಪತಿನಾಥ. ಅಲ್ಲಿ ತೊಗಲಿನ ಸಾಮಾನು ಒಳಗೆ ಬಿಡುವುದಿಲ್ಲ. ಚಪ್ಪಲಿಯ ಜೊತೆಗೆ ಅಪ್ಪನ ಬೆಲ್ಟು, ಪರ್ಸು, ಅತ್ತೆಯ ಬ್ಯಾಗು ಎಲ್ಲವೂ ಅವ್ವನ ಮಡಿಲಿಗೆ ಬಿದ್ದವು. "ನಾವು ಬಂದ್ಮೇಲೆ ನೀನೋಗೀಯಂತೆ" ಎಂದರು ಅಪ್ಪ. ನಾವು ಬರುವಷ್ಟರಲ್ಲಿ ಮ್ಯಾನೇಜರ್ ಸೀಟಿ ಊದುತ್ತಿದ್ದ. ಅವ್ವ ಗೋಪುರಕ್ಕೆ ಅಲ್ಲಿಂದಲೇ ಕೈ ಮುಗಿದಳು.

ಆಮೇಲೆ ಬೌದ್ಧರ ಸ್ತೂಪವಿರುವ ಸ್ವಯಂಭೂ ಗುಡ್ಡ. ಅಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ. ಕಣ್ಣೆದುರಿಗೇ ಬೂಟು ಹಾಕಿಕೊಂಡು ಜನ ಹತ್ತುತ್ತಿದ್ದರು, ಊರಿನವರೂ ಹತ್ತುತ್ತಿದ್ದರು. ಅಪ್ಪ ಒಪ್ಪಬೇಕಲ್ಲ. "ದೇವ್ರ ಬೆಟ್ಟುಕ್ಕೆ ಮೆಟ್ಟಾಕೊಂಡು ಹತ್ತಾರಾ?" ಎಂದು ಕೆಳಗೇ ಬಿಚ್ಚಿಸಿದರು. ಅತ್ತೆ ತಕ್ಷಣ, "ಅತ್ಗೆ ಕುಂತ್ಕತರೆ ಬುಡಣ್ಣ, ಅವ್ರಿಗೆ ಮಂಡಿನೋವು" ಎಂದಳು. ಎಂಥ ಮಂಡಿನೋವು? ಅವ್ವ ಹುಟ್ಟಿ ಬೆಳೆದದ್ದು ಹಂಗಳದಲ್ಲಿ, ಕಾಡಂಚಿನಿಂದ ಸೌದೆ ಹೊತ್ತವಳು. ಗುಂಡ್ಲುಪೇಟೆಯಲ್ಲೂ ದಿನಕ್ಕೆ ಹತ್ತು ಸಲ ಮಹಡಿ ಹತ್ತಿ ಇಳಿಯುತ್ತಿದ್ದಳು. ಬಟ್ಟೆ ಒಣಹಾಕುವಾಗ ಇಲ್ಲದ ಮಂಡಿನೋವನ್ನು ಅತ್ತೆ ನೇಪಾಳದಲ್ಲಿ ಹುಡುಕಿಕೊಟ್ಟಳು. ನಾವು ಇಳಿದು ಬಂದಾಗ ಅವ್ವ ಕೋಲೊಂದನ್ನು ಹಿಡಿದು ಕೋತಿಗಳನ್ನು ಗದರಿಸುತ್ತ ಕೂತಿದ್ದಳು. ಹಂಗಳದವಳಿಗೆ ಕೋತಿ ಹೊಸದಲ್ಲ. ಅಷ್ಟು ದೂರ ಬಂದು ಮತ್ತೆ ಕೋತಿಯನ್ನೇ ಕಾಯಬೇಕಾಯಿತಲ್ಲ.

ಮಧ್ಯಾಹ್ನ ಚಿತ್ರಾನ್ನ ತಿಂದು ಹಳೆಯ ಅರಮನೆಯ ಚೌಕಕ್ಕೆ ಹೋದೆವು. ಮರದ ಕೆತ್ತನೆಯ ಕಿಟಕಿಗಳು, ಒಂದರ ಮೇಲೊಂದು ಚಾವಣಿ. ಅದು ನಾಲ್ಕು ಬೀದಿ ಸೇರುವ ಜಾಗ, ಸೈಕಲ್ ರಿಕ್ಷಾ ಓಡಾಡುತ್ತವೆ. ಅಲ್ಲಿಯೂ ಅಪ್ಪ ಸುತ್ತ ನೋಡಿ, "ಎಲ್ಲಾ ಗುಡಿಗೋಳೇ ಅವೆ" ಎಂದು ಚಪ್ಪಲಿ ಬಿಡಿಸಿದರು. ನಡುಬೀದಿಯಲ್ಲಿ. ನಾವು ನಾಲ್ವರೂ ಬಿಟ್ಟೆವು. ಆಗ ನಾನು ಅವ್ವನಿಗೆ, "ನಾನ್ ಕೂತ್ಕೋತೀನಿ, ನೀನೋಗು" ಎಂದೆ. "ನೀ ನೋಡೋಗು ಕಣಮ್ಮಿ, ಮಕ್ಕಳಿಗೆ ಪಾಠ ಹೇಳೋಳು" ಎಂದಳು. ನಾನು ಹೋದೆ.

ಕೊನೆಯದು ಮಲಗಿದ ನಾರಾಯಣ. ಬಸ್ಸಿನಲ್ಲಿ ಅವ್ವ ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ಗಂಟನ್ನು ಕೈಯಲ್ಲಿ ಹಿಡಿದು ಕೂತಿದ್ದಳು. ಇಳಿದರೆ ಬಾಗಿಲ ಬಳಿ ಜನವೋ ಜನ. ಮ್ಯಾನೇಜರ್ ಅರ್ಧ ಗಂಟೆ ಅಷ್ಟೇ ಎಂದ. ಹೂವಿನ ಅಂಗಡಿಯ ಪಕ್ಕ ನಾವು ಚಪ್ಪಲಿ ಬಿಟ್ಟೆವು, ಅಪ್ಪ ಅವ್ವನ ಕಡೆ ನೋಡಿದರು, ಅಷ್ಟೇ. ಅವ್ವ ಒಂದು ಗಳಿಗೆ ನಿಂತಿದ್ದಳು. ಆಮೇಲೆ ಕೂತಳು. ಗಂಟು ಬಿಚ್ಚಿ ಒಣಗಿ ಕಪ್ಪಾಗಿದ್ದ ತುಳಸಿಯನ್ನು ನನ್ನ ಕೈಗೆ ಸುರಿದು, "ಪಾದುದ್ ಮೇಲೇ ಹಾಕವ್ವ" ಎಂದಳು.

ಹಾಕಿದೆ. ಕಲ್ಲಿನ ಪಾದ ತಣ್ಣಗಿತ್ತು. ತಮ್ಮ ಫೋಟೋ ತೆಗೆದ. ಹೊರಗೆ ಬಂದಾಗ ಅವ್ವ ಕೇಳಿದ್ದು ಒಂದೇ, "ಯಾವ್ ಕಡೀಕ್ ತಲೆ ಮಾಡವ್ನೆ?" ನಾವು ನಾಲ್ವರು ನಾಲ್ಕು ದಿಕ್ಕು ಹೇಳಿದೆವು. ಅಪ್ಪ ನಕ್ಕು, "ನಾವು ನೋಡುದ್ರೆ ನೀ ನೋಡ್ದಂಗೇ ಬುಡು" ಎಂದರು. ಬಸ್ಸು ಹೊರಟಿತು.

ಊರಿಗೆ ಬಂದು ಚಾಮರಾಜನಗರದ ಸ್ಟುಡಿಯೋದಲ್ಲಿ ರೀಲು ತೊಳೆಸಿದೆವು. ಅಷ್ಟು ಫೋಟೋಗಳಲ್ಲಿ ಅವ್ವ ಇದ್ದದ್ದು ಒಂದರಲ್ಲಿ. ಅದೂ ಅರಮನೆಯ ಫೋಟೋ ತೆಗೆಯಲು ಹೋದ ತಮ್ಮನಿಗೆ ಮೂಲೆಯಲ್ಲಿ ಸಿಕ್ಕಿಕೊಂಡವಳು, ಮುಂದೆ ನಮ್ಮ ನಾಲ್ಕು ಜೊತೆ ಚಪ್ಪಲಿ. ನನಗೆ ಎಲ್ಲಿತ್ತೋ ಸಿಟ್ಟು, ಫೋಟೋ ಹಿಡಿದುಕೊಂಡು ಅಪ್ಪನ ಮುಂದೆ ನಿಂತು ಬಾಯಿಗೆ ಬಂದಂತೆ ಅಂದೆ. ಹೋದ ಚಪ್ಪಲಿ ಮತ್ತೆ ತರಬಹುದಿತ್ತು, ಅವ್ವನನ್ನು ಮತ್ತೆ ಅಲ್ಲಿಗೆ ಕರೆದುಕೊಂಡು ಹೋಗುತ್ತೀರಾ ಎಂದೆ. ಅತ್ತೆಯ ಮಂಡಿನೋವಿನ ಮಾತನ್ನೂ ಬಿಡಲಿಲ್ಲ. ಅಪ್ಪ ಪೇಪರ್ ಮಡಿಸಿ ಎದ್ದು ಹೊರಗೆ ಹೋದರು.

ಗೆದ್ದೆ ಎಂದುಕೊಂಡು ಅಡುಗೆಮನೆಗೆ ಬಂದೆ. ಅವ್ವ ಸೊಪ್ಪು ಬಿಡಿಸುತ್ತಿದ್ದಳು. ಫೋಟೋ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಅವಳ ಬೆರಳು ತನ್ನ ಮುಖದ ಮೇಲೆ ನಿಲ್ಲಲಿಲ್ಲ, ಮುಂದಿನ ಚಪ್ಪಲಿಗಳ ಸಾಲಿಗೆ ಹೋಯಿತು.

"ಈ ನೀಲಿ ಪಟ್ಟೀದು ನಿಂದಲ್ವಾ ಕಣಮ್ಮಿ?"

ಹೌದು ಎಂದೆ.

"ನಾಕೂ ಕಡೆ ನನ್ ಮುಂದ್ಕೆ ಇದೇ ಮೊದ್ಲು ಬಂದು ಬಿದ್ದದ್ದು" ಎಂದು ಫೋಟೋವನ್ನು ನನ್ನ ಕೈಗೆ ಕೊಟ್ಟು, ಮತ್ತೆ ಸೊಪ್ಪು ಬಿಡಿಸತೊಡಗಿದಳು.