ಶ್ರೀಪಾದರಾಯರಿಗೆ ಹಿಡಿಸಿದ ಪುಸ್ತಕ

ಲಿಂಗಂಪಲ್ಲಿಯ ನಮ್ಮ ಕನ್ನಡ ಬಳಗಕ್ಕೆ ವರ್ಷದ ಕೊನೆಯ ಭಾನುವಾರವೆಂದರೆ ಶ್ರೀಪಾದರಾಯರ ಶಿಕ್ಷೆ. ಈ ನಿವೃತ್ತ ಅಧಿಕಾರಿ ಶಾಲು ಹೊದ್ದು ಮೈಕು ಹಿಡಿದು, "ಈ ವರ್ಷ ನನಗ ಭಾಳ ಹಿಡಿಸಿದ ಪುಸ್ತಕ ಹೇಳ್ತೀನ್ರಿ" ಎಂದು ಶುರು ಮಾಡಿದರೆ ಬಾಗಿಲ ಬಳಿ ಉಪ್ಪಿಟ್ಟು ತಣ್ಣಗಾಗಿ ಗಟ್ಟಿಯಾಗುತ್ತದೆ. ನಾವು ಮೆಚ್ಚಿದ ಪುಸ್ತಕದ ಹೆಸರೆತ್ತಿದರೆ, "ರದ್ದಿಗೆ ಹಾಕ್ರಿ ಅದನ್ನ" ಎನ್ನುತ್ತಾರೆ. ಮನೆಯಲ್ಲಿ ಓದುವವರು ಮಾತ್ರ ಅವರ ಹೆಂಡತಿ ನಲಿನಿಬಾಯಿ. ಊಟವಾದ ಮೇಲೆ ಅವರು ಗಟ್ಟಿಯಾಗಿ ಓದುತ್ತಾರೆ, ರಾಯರು ಎರಡು ಪುಟಕ್ಕೇ ಗೊರಕೆ ಹೊಡೆದು, ಎದ್ದು ಚಹಾ ಕುಡಿಯುತ್ತ "ಕಡೀಗೇನಾತು?" ಎಂದು ಕೇಳಿಕೊಂಡು, ಅದನ್ನೇ ಮೈಕಿನಲ್ಲಿ ಒಪ್ಪಿಸುತ್ತಾರೆ. ಬಾಯಿಯವರಿಗೆ ಯಾವುದು ಹಿಡಿಸಿತೆಂದು ರಾಯರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಈ ಸಲ ರಾಯರು ಮೆಚ್ಚಿದ ಕಾದಂಬರಿಯ ಲೇಖಕನೇ ಕಲಬುರಗಿಯಿಂದ ಬಂದು ಮುಂದೆ ಕುಳಿತಿದ್ದ. "ಕಡೀಗೆ ಆ ಹೆಣ್ಮಗಳು ಗಂಡನ್ನ ಬಿಟ್ಟು ಹೋಗ್ತಾಳಲ್ರಿ, ಅಲ್ಲೇ ಅದ ನೋಡ್ರಿ ಪುಸ್ತಕದ ಜೀವ!" ಎಂದರು ರಾಯರು. ಲೇಖಕ ಎದ್ದು ನಿಂತು, "ಇಲ್ರಿ ಸರ, ಆಕಿ ಎಲ್ಲೂ ಹೋಗಂಗಿಲ್ಲ. ಗಂಡನ ಮನ್ಯಾಗ ಸಾಯ್ತಾಳ" ಎಂದ. ನಾವೆಲ್ಲ ನಕ್ಕೆವು. ರಾಯರು ಮೈಕು ಹಿಡಿದಿದ್ದೂ ಮರೆತು ಬಾಗಿಲ ಕಡೆ ಕೂಗಿದರು: "ನಲಿನಿ, ಹೋಗ್ತಾಳಂತ ನೀನೇ ಹೇಳಿದ್ದಿ ಅಲ್ಲೇನು?" ಉಪ್ಪಿಟ್ಟಿನ ಪ್ಲೇಟು ಜೋಡಿಸುತ್ತಿದ್ದ ನಲಿನಿಬಾಯಿ ತಲೆ ಎತ್ತದೆ ಅಂದರು: "ಹೌದ್ರಿ. ಆಕಿ ಹೋಗಿದ್ರ ನನಗ ಹಿಡಿಸ್ತಿತ್ತು."